ಎದುರು ಫ್ಲ್ಯಾಟಿನ ಹಾಕಿ ಆಟಗಾರ

ವಿದೇಶದಲ್ಲಿ, ಗ್ರೀನ್‌ಫರ್ಡಿನಲ್ಲಿ, ನಮ್ಮ ಎದುರು ಫ್ಲ್ಯಾಟಿನಲ್ಲಿದ್ದಾತ ಐಸ್ ಹಾಕಿ ಆಡಿ ಸಂಪಾದಿಸುತ್ತಿದ್ದ. ಗೋಲು ಹೊಡೆಯಬೇಕಾದ ಫಾರ್ವರ್ಡ್ ಆಟಗಾರ. ಮುಂದಿನ ಎರಡು ಹಲ್ಲು ಆಟಕ್ಕೇ ಹೋಗಿದ್ದವು; ಉಳಿದವು ದೇವರು ಉಳಿಸಿದ್ದು. ಏಟು ತಿಂದು ಮುಖ ಊದಿಸಿಕೊಂಡು ಬಂದಾಗಲೂ "ಪರವಾಗಿಲ್ಲ ಆಂಟಿ, ಇನ್ನೊಂದು ಮ್ಯಾಚ್ ಇದೆ" ಎನ್ನುತ್ತಾ ನಾನು ಕೊಟ್ಟ ಪೊಂಗಲ್ ತಿನ್ನುತ್ತಿದ್ದ.

ಅವನ ಭುಜ ಮುರಿದು ವಾಸಿಯಾದ ವರ್ಷ, ಒಂದು ಪಂದ್ಯದಲ್ಲಿ ಆಟ ನೋಡಿ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇವೆ ಎಂದಿತ್ತು ಅವನ ಕ್ಲಬ್ಬು. ಆ ಪಂದ್ಯದ ದಿನವೇ ಆಯುಧಪೂಜೆ. ಮಿಕ್ಸಿಗೆ, ಕಾರಿಗೆ ಕುಂಕುಮ ಹಚ್ಚಿದವಳು ಲಿಫ್ಟಿನ ಪಕ್ಕ ಒರಗಿಸಿದ್ದ ಅವನ ಹಾಕಿ ಕೋಲಿಗೂ ಹಚ್ಚಿದೆ.

"ಪಂದ್ಯಕ್ಕೆ ಅಂತ ಕೋಲಿಗೆ ಟೇಪ್ ಸುತ್ತಿದ ಮೇಲೆ ಅದನ್ನ ಬೇರೆಯವರು ಮುಟ್ಟಬಾರದು ಕಣೇ. ಅವನ ಮಡಿ ಅದು," ಎಂದರು ನಮ್ಮವರು.

ಅಷ್ಟರಲ್ಲಿ ಅವನೇ ಬಂದ. ಇವತ್ತು ಕೆಲಸದ ಸಾಮಾನಿಗೆಲ್ಲ ಪೂಜೆ ಎಂದೆ. ಕೋಲನ್ನೇ ನೋಡುತ್ತಾ ನಿಂತವನು, ಬ್ಯಾಗಿನಿಂದ ಸ್ಕೇಟ್ಸ್ ತೆಗೆದು ನನ್ನ ಮುಂದಿಟ್ಟ.

"ಇವೂ ಕೆಲಸ ಮಾಡ್ತವೆ ಆಂಟಿ."

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿ, ಕ್ಲಬ್ಬಿನವರು ನನ್ನನ್ನ ಕೈಬಿಟ್ಟರು ಎಂದ.

"ನಾನು ಮುಟ್ಟಿದ್ದಕ್ಕೇನಪ್ಪ?"

"ಕೋಲು ಚೆನ್ನಾಗೇ ಇತ್ತು, ನನ್ನ ಕಾಲೇ ನಿಧಾನ ಆಗಿದೆ. ನೀವು ಹಾಗಂದ್ಕೋತೀರ ಅಂತಲೇ, ಅಮ್ಮಂಗೂ ಫೋನ್ ಮಾಡದೆ ಮೊದಲು ಇಲ್ಲಿಗೆ ಬಂದೆ."