ಕೊಡಲೊಲ್ಲದ ಕೈ

ಕೊಟ್ಟ ಕೈಗಳನ್ನು ಕೊಂಡಾಡುವುದು ಅಭಿನಂದನ ಗ್ರಂಥಗಳ ವಾಡಿಕೆ. ಹಿನೊತೆಗದ ರೈತ ಸಹಕಾರಿ ಅಂಗಡಿಯಿಂದ ನಿವೃತ್ತರಾದ ಮಾನ್ಯ ದೋನ್ಯಾ ಒಟಿಲಿಯಾ ಸೆಲೆದೋನ್ ಅವರನ್ನು ನಾವು ಗೌರವಿಸುತ್ತಿರುವುದು ಕೊಡಲೊಲ್ಲದ ಕೈಗಾಗಿ. ನಿಕರಾಗುವದ ಈ ಬೆಟ್ಟಸಾಲಿನಲ್ಲಿ ವಿಷ ಮಾರಿದವರು ಅನೇಕರು; ವಿಷ ಮಾರುವವರಿಗೂ ಧರ್ಮವೊಂದಿದೆಯೆಂದು ನಡೆದು ತೋರಿಸಿದವರು ಅವರು.

ಕೆಂಪು ಬೀನ್ಸ್ ಕಾಳಿಗೆ ಹುಳ ಬೀಳದಂತೆ ಕಣಜದಲ್ಲಿಡುವ ಗುಳಿಗೆ ಪ್ರತಿ ಮನೆಗೂ ಬೇಕು. ಅದು ಹುಳವನ್ನಷ್ಟೇ ಕೊಲ್ಲುವುದಿಲ್ಲವೆಂದು ಪ್ರತಿ ಊರಿನ ಸ್ಮಶಾನವೂ ಬಲ್ಲದು. ಕೃಷಿ ತಜ್ಞರ ಚೀಟಿಯಿಲ್ಲದೆ ಮಾರಬಾರದು, ಮೊಹರು ಒಡೆದು ಬಿಡಿಯಾಗಿ ಕೊಡಬಾರದು, ಯಾತಕ್ಕೆಂದು ಕೇಳಬೇಕು, ಉತ್ತರ ಸಂಶಯ ಹುಟ್ಟಿಸಿದರೆ ನಿರಾಕರಿಸಬೇಕು: ಇದು ಮಾರುವವರ ಮೇಲೆ ಕಾನೂನು ಹೊರಿಸಿದ ಹೊಣೆ. ಕಾನೂನು ಬರೆದವರು ರಾಜಧಾನಿಯಲ್ಲಿ ಅದನ್ನು ಮರೆತರು. ಗುಳಿಗೆ ತಯಾರಿಸಿದವರು ಇರುವೆಗಾತ್ರದ ಅಕ್ಷರದಲ್ಲಿ ಎಚ್ಚರಿಕೆ ಅಚ್ಚುಹಾಕಿ ಕೈತೊಳೆದುಕೊಂಡರು. ಬಡವರ ಸಾವು ಬೀದಿಯಲ್ಲಿ ಬಿಡಿಬಿಡಿಯಾಗಿ ಬಿಕರಿಯಾಯಿತು.

ದೇಶದ ಒಳಯುದ್ಧ ಮುಗಿದ ಹೊಸತರಲ್ಲಿ ಅಂಗಡಿಯ ಗಲ್ಲೆಗೆ ಬಂದ ದೋನ್ಯಾ ಒಟಿಲಿಯಾ ಮಾತ್ರ ಮರೆಯಲಿಲ್ಲ. ಚೀಟಿಗಾಗಿ ಪೇಟೆಗೆ ಬರಲಾರದ ಮುದುಕಿಯರ ಮನೆಗೆ ತಜ್ಞರನ್ನೇ ಕರೆದೊಯ್ದು, ಕಣಜದ ಬಾಯಿ ಮುಚ್ಚಿಸಿ, ಉಳಿದ ಗುಳಿಗೆಯನ್ನು ಹಿಂದಕ್ಕೆ ತಂದರು. ಬಿಡಿಯಾಗಿ ಕೊಡದ್ದಕ್ಕೆ ಗಿರಾಕಿಗಳು ಚದುರಿದರು. ಬಿಡಿಯಾಗಿ ಮಾರಬೇಕೆಂದು ಸಹಕಾರಿಯ ಅಧ್ಯಕ್ಷ ದೋನ್ ಅಪೋಲಿನಾರ್, ಊರವರ ಬಾಯಲ್ಲಿ ದೋನ್ ಪೋಲೋ, ನಿರ್ಣಯ ಮಾಡಿಸಿ ಸಭೆಯಲ್ಲೇ ಛೇಡಿಸಿದರು:

"ಎದುರು ಅಂಗಡೀಲಿ ಮಿಠಾಯಿ ಹಂಗೆ ಒಂದೊಂದೇ ಕೊಡ್ತಾರೆ. ನಿಮ್ಮದು ಪಾದ್ರಿಗಿಂತ ಜಾಸ್ತಿ ಮಡಿ ಆಯ್ತಲ್ಲಮ್ಮ!"

"ಮಿಠಾಯಿ ಬೇಕಾದ್ರೆ ಅಲ್ಲೇ ತಗೊಳ್ಳಿ, ದೋನ್ ಪೋಲೋ. ನಾನಿಲ್ಲಿ ಮಾರೋದು ವಿಷ. ಬೇಕಿದ್ರೆ ನನ್ನ ತೆಗೀರಿ, ಈ ಕಪಾಟಿನ ಬೀಗ ಮಾತ್ರ ತೆಗೆಯಲ್ಲ."

ತೆಗೆಯುವ ಮಾತು ಮುಂದಿನ ಸಭೆಗೆ ಹೋಯಿತು. ಅದಕ್ಕೂ ಮುಂಚೆ, ಹೆಂಡತಿಯನ್ನು ಮಣ್ಣುಮಾಡಿ ಇನ್ನೂ ತಿಂಗಳಾಗಿರದ ದೋನ್ ಪೋಲೋ ಒಂದು ಮಧ್ಯಾಹ್ನ ಟೋಪಿ ಕೈಯಲ್ಲಿ ಹಿಡಿದು ಅಂಗಡಿಗೆ ಬಂದರು.

"ಒಂದೆರಡು ಗುಳಿಗೆ ಕೊಡಿ. ಕಾಳಿಗೆ ಹುಳ ಬಿದ್ದಿದೆ."

"ಯಾವ ಕಾಳು? ನಿಮ್ಮನೇದೆಲ್ಲ ಹೋದ ವಾರ ನಮ್ಮ ಗೋದಾಮಿಗೇ ಹಾಕಿದ್ರಲ್ಲ."

ದೋನ್ಯಾ ಒಟಿಲಿಯಾ ಅಂಗಡಿಯ ಬಾಗಿಲು ಎಳೆದು, ಕುರ್ಚಿ ಹಾಕಿದರು.

"ಸಾಯೋಕೆ ಬಂದ್ರಾ, ಪೋಲೋ?"

ಮುದುಕ ಟೋಪಿಯಲ್ಲಿ ಮುಖ ಮುಚ್ಚಿಕೊಂಡರು.

"ಗುಳಿಗೆ ಇಲ್ಲ. ಕಾಫಿ ಇದೆ. ಈ ರೋಸ್ಕಿಯಾ ಬಿಸ್ಕತ್ತು ಅದ್ಕೊಂಡು ತಿನ್ನಿ, ಹಲ್ಲಿಲ್ಲದೋರ್ಗೂ ಆಗುತ್ತೆ."

"ನಂಗಿನ್ನೂ ಹಲ್ಲಿವೆ."

"ಹಾಗಿದ್ರೆ ಬದುಕಿ. ಮುಂದಿನ ಸಭೇಲಿ ನನ್ನ ಕಚ್ಚೋದು ಬಾಕಿ ಇದೆ."

ದೋನ್ ಪೋಲೋರ ಮಗಳು ಯಾದಿರಾ ಬರುವವರೆಗೂ ಒಟಿಲಿಯಾ ಮುದುಕನ ಕೈ ಬಿಡಲಿಲ್ಲ. ಆ ಸಭೆಯಲ್ಲಿ ನಿರ್ಣಯವನ್ನು ರದ್ದುಮಾಡಿಸಿದವರು ದೋನ್ ಪೋಲೋ. ಈ ಸಂಗತಿಯನ್ನು ಇಲ್ಲಿ ಬರೆಯಲೇಬೇಕೆಂದು ಹಠ ಹಿಡಿದವರೂ ಅವರೇ.

ಎದುರಂಗಡಿಯಲ್ಲಿ ಗುಳಿಗೆ ಇಂದಿಗೂ ಬಿಡಿಯಾಗಿ ಸಿಗುತ್ತದೆ. ಅದಕ್ಕೇ ದೋನ್ಯಾ ಒಟಿಲಿಯಾ ಅವರಿಗೆ ದೀರ್ಘಾಯುಷ್ಯ ಕೋರುವ ನಾವು ವಿಶ್ರಾಂತಿಯನ್ನು ಕೋರಲಾರೆವು; ಊರೂರಿನ ಮಾರಾಟಗಾರರಿಗೆ ಅವರ ಪಾಠ ಇನ್ನೂ ಬೇಕು. ಬೀಳ್ಕೊಡುಗೆಯ ದಿನ ವಿಷದ ಕಪಾಟಿನ ಕೀಲಿಯನ್ನು ಅವರು, ಇನ್ನು ಮುಂದೆ ಗಲ್ಲೆಯಲ್ಲಿ ಕೂರುವ ಯಾದಿರಾಳ ಅಂಗೈಯಲ್ಲಿಟ್ಟು, ಮುಂದಿನ ಸಾಲಿನಲ್ಲಿ ಕೂತ ದೋನ್ ಪೋಲೋರನ್ನು ತೋರಿಸಿದರು:

"ನೋಡು ಮಗಾ, ನಿಮ್ಮಪ್ಪನೇ ಬಂದ್ರೂ ಯಾತಕ್ಕೆ ಅಂತ ಕೇಳು."

"ಕೇಳು, ಕೇಳು," ಎಂದು ಮೊದಲು ಚಪ್ಪಾಳೆ ತಟ್ಟಿದವರು ದೋನ್ ಪೋಲೋ.