ಹನ್ನೊಂದು ಗಂಟೆಗೆ ಬಿಡುವಿಲ್ಲದವರ ಪ್ರತಿನಿಧಿ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಹಿಂಭಾಗದ ನೆಲಮಾಳಿಗೆಯಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ವಾರ್ಡುಗಳಿಂದ ಇಳಿದುಬಂದ ಕೊಳೆಬಟ್ಟೆಯ ಗಾಡಿಗಳು ಬಾಗಿಲಿನಿಂದ ಒಗೆಯುವ ಯಂತ್ರದವರೆಗೂ ಸಾಲುಗಟ್ಟಿವೆ. ಮೊದಲ ಗಾಡಿಯ ಮೇಲೆ ಬಗ್ಗಿರುವ ಹೆಂಗಸು ಮೊಣಕೈವರೆಗೆ ರಬ್ಬರ್ ಗವಸು ಏರಿಸಿಕೊಂಡು, ಆಪರೇಷನ್ ಕೋಣೆಯ ಹಸಿರು ಅಂಗಿಗಳ ಜೇಬನ್ನು ಒಂದೊಂದಾಗಿ ತಡಕುತ್ತಿದ್ದಾರೆ. ಕತ್ತರಿ ಸಿಗುತ್ತದೆ, ಥರ್ಮಾಮೀಟರ್ ಸಿಗುತ್ತದೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಹೆಚ್ಚಾಗಿ ಸಿಗುವುದು ಪೆನ್ನು. ಒಂದೇ ಒಂದು ಪೆನ್ನು ಕಣ್ತಪ್ಪಿ ಒಳಗೆ ಹೋದರೂ ನಲವತ್ತು ಹಾಸುಬಟ್ಟೆ ನೀಲಿಯಾಗಿ ಹೊರಗೆ ಬರುತ್ತವೆ.

"ಅಷ್ಟೆಲ್ಲ ಓದಿರ್ತಾರೆ, ಜೇಬು ಖಾಲಿ ಮಾಡೋದು ಮಾತ್ರ ಯಾರೂ ಹೇಳಿಕೊಟ್ಟಿರಲ್ಲ," ಎನ್ನುತ್ತ ಅವರು ಮೂರನೆಯ ಪೆನ್ನನ್ನು ಡಬ್ಬಿಗೆ ಹಾಕುತ್ತಾರೆ.

ದಿನಕ್ಕೆ ಒಂಬೈನೂರು ಹಾಸುಬಟ್ಟೆ, ಆರುನೂರು ದಿಂಬಿನ ಚೀಲ, ಇನ್ನೂರೈವತ್ತು ಹಸಿರು ಅಂಗಿ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ನಾಲ್ಕು ಜನ ಸೇರಿ ಒಗೆದು, ಹಿಂಡಿ, ಬಿಸಿ ರೋಲರಿಗೆ ಕೊಟ್ಟು, ಮಡಚಿ ಮೇಲಕ್ಕೆ ಕಳಿಸಬೇಕು. ಇಲ್ಲಿ ಈ ಹೆಂಗಸನ್ನು ಎಲ್ಲರೂ ಕರೆಯುವುದು ‘ಮೆಂಬರಕ್ಕ’ ಎಂದು. ಮೊದಲ ಸಲ ಕೇಳಿದಾಗ ಯಾವುದೋ ಕಾರ್ಮಿಕರ ಸಂಘದ ಮೆಂಬರ್ ಇರಬೇಕೆಂದುಕೊಂಡೆ. ಅಲ್ಲ. ನಲವತ್ತೊಂದು ವಯಸ್ಸಿನ ಈಕೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಪರಿಷತ್ತಿನ ಸದಸ್ಯೆ. ಸಂಜೆ ಕಾಲೇಜಿನ ನಾನೂರ ಮೂವತ್ತು ವಿದ್ಯಾರ್ಥಿಗಳ ಏಕೈಕ ಪ್ರತಿನಿಧಿ.

ಓದಿಗೆ ಸೇರಿದ್ದೂ ಒಂದು ಸಿಟ್ಟಿನಿಂದಲೇ. ಹದಿನೇಳು ವರ್ಷ ಈ ನೆಲಮಾಳಿಗೆಯಲ್ಲಿ ದುಡಿದಿದ್ದಾರೆ. ಯಾವ ಯಂತ್ರ ಯಾವ ಸದ್ದು ಮಾಡಿದರೆ ಯಾವ ಬೆಲ್ಟು ಸವೆದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಆದರೆ ಮೇಲ್ವಿಚಾರಕರ ಹುದ್ದೆಗೆ ಪದವಿ ಬೇಕು. ಪದವಿ ಹಿಡಿದುಕೊಂಡು ಬಂದ ಮೂವರು ಮೇಲ್ವಿಚಾರಕರಿಗೆ ಕೆಲಸ ಕಲಿಸಿದವರು ಇವರೇ. "ಮೂರನೆಯವನು ಬಂದು, ‘ಅಕ್ಕ, ಸೋಪಿನ ಪುಡಿ ಯಾವ ಕಡೆಯಿಂದ ಹಾಕಬೇಕು?’ ಅಂದ. ಅವತ್ತೇ ಹೋಗಿ ಕಾಲೇಜಿಗೆ ಅರ್ಜಿ ಹಾಕಿ ಬಂದೆ."

ಸಂಜೆ ಕಾಲೇಜು ಆರರಿಂದ ಒಂಬತ್ತರವರೆಗೆ. ಸಹಪಾಠಿಗಳಲ್ಲಿ ನರ್ಸು ಇದ್ದಾರೆ, ಬ್ಯಾಂಕಿನ ಕಾವಲುಗಾರ ಇದ್ದಾರೆ, ದರ್ಜಿ, ಮೆಕ್ಯಾನಿಕ್, ಎರಡು ಮಕ್ಕಳ ತಂದೆ. ಎಲ್ಲರೂ ಹಗಲು ಬೆವರು ಸುರಿಸಿ, ಮುಖ ತೊಳೆದುಕೊಂಡು ಬರುವವರು. ವಿಶ್ವವಿದ್ಯಾಲಯದ ಗ್ರಂಥಾಲಯ ಇವರಿಗೂ ಸೇರಿದ್ದು, ಗುರುತಿನ ಚೀಟಿಯಲ್ಲಿ ಹಾಗೆಂದು ಅಚ್ಚಾಗಿದೆ. ಆದರೆ ಗ್ರಂಥಾಲಯದ ಬಾಗಿಲು ಹಾಕುವುದು ಸಂಜೆ ಆರಕ್ಕೆ. ಇವರು ತರಗತಿಗೆ ಬರುವುದೂ ಆರಕ್ಕೆ. ಎರಡು ವರ್ಷ ಓದಿಯೂ ಗ್ರಂಥಾಲಯದ ಒಳಗೋಡೆಯ ಬಣ್ಣ ಗೊತ್ತಿಲ್ಲದವರು ಅಲ್ಲಿ ತುಂಬ ಜನ.

ಪರಿಷತ್ತಿನಲ್ಲಿ ಇಪ್ಪತ್ತೇಳು ಸ್ಥಾನ, ಸಂಜೆಯವರಿಗೆ ಒಂದು. ಆ ಒಂದಕ್ಕೂ ಯಾರೂ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಅರ್ಜಿ ಹಿಡಿದುಕೊಂಡು ಬಂದಾಗ ಇಡೀ ತರಗತಿ ತಲೆ ತಗ್ಗಿಸಿತು. ಮೆಂಬರಕ್ಕ ತಗ್ಗಿಸಲಿಲ್ಲ. "ತಲೆ ತಗ್ಗಿಸೋದು ಬೆಳಗಿನಿಂದ ಮಧ್ಯಾಹ್ನದವರೆಗೆ ಆಗಿರುತ್ತೆ. ಸಂಜೆ ಕತ್ತು ನೋವು."

ಪರಿಷತ್ತು ಸಭೆ ಸೇರುವುದು ತಿಂಗಳಿಗೊಮ್ಮೆ, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅದನ್ನು ತಿಳಿದಾಗಲೇ ಅವರಿಗೆ ಮೊದಲ ಸಲ ನಗು ಬಂತಂತೆ. ನಗು ಬಂದದ್ದು ಅದೇ ಕೊನೆ.

ಮೊದಲ ಸಭೆಗೆ ಜೊತೆಗಾತಿಯೊಬ್ಬಳ ಜೊತೆ ಪಾಳಿ ಬದಲಾಯಿಸಿಕೊಂಡು ಹೋದರು. ಉದ್ದನೆಯ ಮೇಜು, ತಿರುಗುವ ಕುರ್ಚಿ, ಎಲ್ಲರ ಮುಂದೆ ನೀರಿನ ಬಾಟಲಿ. ಅಧ್ಯಕ್ಷ ಇಪ್ಪತ್ತೊಂದು ವರ್ಷದ ಹುಡುಗ, ಮಾತು ಬೆಣ್ಣೆ. "ಬನ್ನಿ ಆಂಟಿ, ಕೂತ್ಕೊಳಿ ಆಂಟಿ," ಎಂದ.

"ಆಂಟಿ ಅಂತ ನಿಮ್ಮನೆಗೆ ಬಂದಾಗ ಕರೀರಿ. ಇಲ್ಲಿ ನಾನೂ ನಿಮ್ಮ ಥರಾನೇ ಸದಸ್ಯೆ," ಎಂದರಂತೆ ಇವರು.

ಗ್ರಂಥಾಲಯದ ವಿಷಯ ಪಟ್ಟಿಯಲ್ಲಿ ಒಂಬತ್ತನೆಯದು. ನಾಲ್ಕನೆಯದು ವಾರ್ಷಿಕೋತ್ಸವದ ವೇದಿಕೆಯ ಹಿಂದಿನ ಪರದೆ ಯಾವ ಬಣ್ಣದ್ದಿರಬೇಕು ಎಂಬುದು. ಅದರ ಮೇಲೆ ಒಂದು ಗಂಟೆ ಹತ್ತು ನಿಮಿಷ ಚರ್ಚೆ ನಡೆಯಿತು. ನೀಲಿಯ ಪರ ಹನ್ನೆರಡು ಮಂದಿ, ಮರೂನಿನ ಪರ ಹನ್ನೊಂದು, ಉಳಿದವರು ತಟಸ್ಥ. "ನಾನೂ ತಟಸ್ಥ ಅಂತ ಬರೆಸಿದೆ. ಬಟ್ಟೆ ಯಾವ ಬಣ್ಣ ಇದ್ರೂ ಒಗೆಯೋಳಿಗೆ ಒಂದೇ." ಎಂಟನೆಯ ವಿಷಯ ಮುಗಿಯುವ ಹೊತ್ತಿಗೆ ಊಟದ ಸಮಯವಾಗಿ ಅರ್ಧಕ್ಕರ್ಧ ಕುರ್ಚಿ ಖಾಲಿ. ಕೋರಂ ಇಲ್ಲವೆಂದು ಸಭೆ ಮುಗಿಯಿತು.

ಎರಡನೆಯ ಸಭೆಯ ದಿನ ಯಂತ್ರ ಕೆಟ್ಟು ಬಟ್ಟೆ ರಾಶಿ ಬಿದ್ದಿತ್ತು, ರಜೆ ಸಿಗಲಿಲ್ಲ. ಪ್ರಸ್ತಾಪಿಸಿದವರು ಗೈರುಹಾಜರಾದ್ದರಿಂದ ವಿಷಯವನ್ನು ‘ಕಾಯ್ದಿರಿಸಲಾಗಿದೆ’ ಎಂದು ಪತ್ರ ಬಂತು. ಇವರು ಕಾರ್ಯದರ್ಶಿಗೆ ಫೋನು ಮಾಡಿದರು. ಕಾರ್ಯದರ್ಶಿ ಕನ್ನಡಕದ ಹುಡುಗಿ, ನಿಯಮ ಎಂದರೆ ನಿಯಮ.

"ಮುಂದೂಡಿದೀರಾ ಹಾಗಾದ್ರೆ?"

"ಇಲ್ಲ ಮೇಡಂ, ಮುಂದೂಡಿಲ್ಲ. ಕಾಯ್ದಿರಿಸಿದೀವಿ."

"ಅಳಿಯ ಅಲ್ಲ, ಮಗಳ ಗಂಡ," ಎಂದು ಇವರು ಫೋನಿಟ್ಟರು.

ಆಮೇಲೆ ಸಭೆಯ ಸಮಯವನ್ನೇ ಸಂಜೆಗೆ ಬದಲಾಯಿಸಿ ಎಂದು ಅರ್ಜಿ ಬರೆದರು. ಉತ್ತರ ನಾಲ್ಕೇ ದಿನಕ್ಕೆ ಬಂತು: ಸಮಯ ಬದಲಾವಣೆಯ ಪ್ರಸ್ತಾಪವನ್ನು ಸದಸ್ಯರು ಸಭೆಯಲ್ಲಿ ಖುದ್ದು ಹಾಜರಿದ್ದು ಮಂಡಿಸತಕ್ಕದ್ದು. ಅಂದರೆ ಹನ್ನೊಂದು ಗಂಟೆಗೆ ಬರಲಾಗದು ಎಂದು ಹೇಳಲು ಹನ್ನೊಂದು ಗಂಟೆಗೆ ಬರಬೇಕು. ಮೂರನೆಯ ಸಭೆಗೂ ರಜೆ ಸಿಗಲಿಲ್ಲ. ಅದರ ಬೆನ್ನಿಗೇ ನೋಟಿಸು: ಸತತ ಮೂರು ಸಭೆಗೆ ಗೈರಾದರೆ ಸದಸ್ಯತ್ವ ರದ್ದು, ತಮ್ಮದು ಎರಡು ಆಗಿದೆ.

ಮನೆಯಲ್ಲಿ ಅತ್ತೆ ಇದ್ದಾರೆ. ಎಪ್ಪತ್ತು ದಾಟಿದ ಜೀವ. ಸೊಸೆ ಓದಲಿ ಎಂದು ಸಂಜೆಯ ಅಡುಗೆಯನ್ನು ತಾವೇ ವಹಿಸಿಕೊಂಡವರು. ನೋಟಿಸನ್ನು ಮಗನ ಕೈಯಲ್ಲಿ ಓದಿಸಿ ಕೇಳಿ, "ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕಮ್ಮಾ? ಬಿಟ್ಟಾಕು," ಎಂದರಂತೆ.

"ಬಿಡಬಹುದಿತ್ತು ಅತ್ತೆ," ಎಂದರು ಇವರು. "ಆದ್ರೆ ಬಿಟ್ರೆ ಅವರ ಪುಸ್ತಕದಲ್ಲಿ, ‘ಸಂಜೆಯವರಿಗೆ ಆಸಕ್ತಿ ಇಲ್ಲ’ ಅಂತ ಬರೀತಾರೆ."

ಅತ್ತೆ ನೋಟಿಸನ್ನು ಮಡಚಿ ಸೊಸೆಯ ಕೈಗಿಟ್ಟು, "ಹಾಗೆ ಬರೆಯೋಕೆ ಬಿಡಬೇಡ," ಎಂದರು.

ಸಂಘದ ನಿಯಮಾವಳಿಯ ಪ್ರತಿ ಬೇಕೆಂದು ಕಚೇರಿಗೆ ಮೂರು ಸಲ ಅಲೆದರು. ಮೂರನೆಯ ಸಲ ಬೀರುವಿನ ಮೇಲಿನಿಂದ ದೂಳು ಕೊಡವಿ ಕೊಟ್ಟರು. ಐವತ್ತೆರಡು ಪುಟ. ಹತ್ತು ನಿಮಿಷದ ಚಹಾ ವಿರಾಮಗಳಲ್ಲಿ, ಒಣಗಿದ ಹಾಸುಬಟ್ಟೆಯ ಗಂಟಿನ ಮೇಲೆ ಕೂತು, ಒಂದು ವಾರ ಓದಿದರು. ಮೂವತ್ತೊಂದನೆಯ ನಿಯಮ ಸಿಕ್ಕಿತು. ಸಂಘದ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗದಷ್ಟು ಜನ ಸಹಿ ಹಾಕಿದರೆ ವಿಶೇಷ ಸರ್ವಸದಸ್ಯರ ಸಭೆ ಕರೆಯಲೇಬೇಕು. ಸಮಯ ನಿಗದಿ ಮಾಡುವವರು ಸಹಿ ಹಾಕಿದವರು. ಒಟ್ಟು ಸದಸ್ಯರು ಮೂರು ಸಾವಿರದ ಒಂಬೈನೂರ ಎಂಬತ್ತು. ಬೇಕಾದ ಸಹಿ ಮುನ್ನೂರ ತೊಂಬತ್ತೆಂಟು.

ಮಾರನೆಯ ದಿನದಿಂದ ಸಂಜೆ ಐದೂಕಾಲಿಗೆ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಬಳಿ ಸಹಿಯ ಹಾಳೆ ಸಿಕ್ಕಿಸಿದ ರಟ್ಟು ಹಿಡಿದು ನಿಂತರು. ಬರುವವರೆಲ್ಲ ಓಡುತ್ತಲೇ ಬರುವವರು. ಬ್ಯಾಂಕಿನ ಕಾವಲುಗಾರ ಸಮವಸ್ತ್ರದಲ್ಲೇ ಬಂದು, "ಸಹಿ ಹಾಕಿದ್ರೆ ಏನಾಗುತ್ತೆ ಅಕ್ಕ?" ಎಂದು ಕೇಳಿದರು.

"ಲೈಬ್ರರಿ ತೆಗೆಸಬಹುದು."

"ಏನೂ ಆಗ್ಲಿಲ್ಲ ಅಂದ್ರೆ?"

"ಆಗ ಇಬ್ಬರೂ ಕೂತು ಬೈಯೋಣ. ಒಬ್ಬಳೇ ಬೈದು ಬೈದು ಬೇಜಾರಾಗಿದೆ."

ಎರಡು ವಾರಕ್ಕೆ ನಾನೂರ ನಾಲ್ಕು ಸಹಿ. ನಾಲ್ಕನೆಯ ಸಭೆಗೆ ಮತ್ತೆ ಪಾಳಿ ಬದಲಾಯಿಸಿಕೊಂಡು ಹೋಗಿ, ಸ್ಥಾನವನ್ನೂ ಉಳಿಸಿಕೊಂಡು, ಹಾಳೆಗಳನ್ನು ಮೇಜಿನ ಮೇಲಿಟ್ಟು ಬಂದರು. ಗುರುವಾರ ಕಾರ್ಯದರ್ಶಿಯ ಫೋನು. ಮೂವತ್ತೊಂದು ಸಹಿ ತಿರಸ್ಕೃತ, ಅವರು ಮತ್ತೆ ಹಾಕುವಂತಿಲ್ಲ. ಒಬ್ಬರ ನೋಂದಣಿ ಸಂಖ್ಯೆಯಲ್ಲಿ ಒಂದಂಕಿ ತಪ್ಪು, ಇನ್ನೊಬ್ಬರ ಇನಿಷಿಯಲ್ ಇಲ್ಲ, ಮತ್ತೊಬ್ಬರ ಸಹಿ ಪ್ರವೇಶ ಪತ್ರದ ಸಹಿಗೆ ಹೋಲುತ್ತಿಲ್ಲ. ಇಪ್ಪತ್ತೈದು ಕಡಿಮೆ, ಗಡುವು ಮರುದಿನ ಸಂಜೆ ಏಳಕ್ಕೆ.

"ದಿನವಿಡೀ ಸ್ಪ್ಯಾನರ್ ಹಿಡಿದ ಕೈ ಮೇಡಂ ಅದು. ಸಹಿ ಸೊಟ್ಟಗಾಗದೆ ಏನಾಗುತ್ತೆ?" ಎಂದು ಕೂಗಿಬಿಟ್ಟರಂತೆ. ಅತ್ತ ಕಡೆಯಿಂದ ಹುಡುಗಿ ಮೆಲ್ಲಗೆ, "ನಾನು ನಿಯಮ ಬಿಟ್ಟು ಒಪ್ಪಿಕೊಂಡ್ರೆ ನಾಳೆ ಬೇರೆಯವರು ಇಡೀ ಪಟ್ಟಿನೇ ಬಿಸಾಕ್ತಾರೆ ಮೇಡಂ," ಎಂದಳು. ಆ ಮಾತು ಸರಿ ಎಂದು ಮೆಂಬರಕ್ಕ ಈಗ ಒಪ್ಪುತ್ತಾರೆ. ಅವತ್ತು ಒಪ್ಪಿರಲಿಲ್ಲ.

ಸಂಜೆ ಕಾಲೇಜಿನಲ್ಲಿ ಸಹಿ ಹಾಕದೆ ಉಳಿದಿದ್ದವರು ಇಪ್ಪತ್ತಾರೇ ಜನ, ಅವರು ತರಗತಿಗೇ ಬಾರದವರು. ಶುಕ್ರವಾರ ಐದೂ ಐವತ್ತಕ್ಕೆ ಇವರು ಸೈಕಲ್ ಸ್ಟ್ಯಾಂಡ್ ಬಿಟ್ಟು ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತರು. ಆರಕ್ಕೆ ಸರಿಯಾಗಿ ಗಂಟೆ ಬಾರಿಸಿದರು, ದೀಪ ಆರಿಸಿದರು, ಒಳಗಿದ್ದ ಹಗಲು ಕಾಲೇಜಿನ ಹುಡುಗ ಹುಡುಗಿಯರು ಅರ್ಧ ಓದಿದ ಪುಟದಲ್ಲಿ ಬೆರಳಿಟ್ಟುಕೊಂಡೇ ಗೊಣಗುತ್ತ ಹೊರಗೆ ಬಿದ್ದರು. ಪರೀಕ್ಷೆಗೆ ಹತ್ತು ದಿನವಿತ್ತು.

"ಓದೋಕೆ ಬಿಡಲ್ಲ ಅಲ್ವಾ?" ಎಂದು ಮೆಂಬರಕ್ಕ ಮೊದಲು ಬಂದವಳ ಮುಂದೆ ರಟ್ಟು ಹಿಡಿದರು. ಇಪ್ಪತ್ತೈದು ಬೇಕಿತ್ತು. ಅರ್ಧ ಗಂಟೆಯಲ್ಲಿ ಐವತ್ತೆಂಟು ಸಿಕ್ಕಿತು, ಇನಿಷಿಯಲ್ ಸಮೇತ. ಅವತ್ತಿನ ತರಗತಿ ಅವರಿಗೆ ತಪ್ಪಿತು.

ವಿಶೇಷ ಸಭೆ ಮುಂದಿನ ಗುರುವಾರ ಸಂಜೆ ಐದಕ್ಕೆ ನಡೆಯಿತು. ಮುನ್ನೂರು ಕುರ್ಚಿಯ ಸಭಾಂಗಣ, ಬಂದವರು ಐನೂರರ ಮೇಲೆ. ಕೆಲವರು ಬೇಗ ಬಿಡಿ ಎಂದು ಕೆಲಸದಲ್ಲಿ ಕೇಳಿಕೊಂಡು ಬಂದಿದ್ದರು, ಕೆಲವರು ಕೇಳದೆಯೇ. ಇವರಿಗೆ ಸಿಕ್ಕಿದ್ದು ನಾಲ್ಕು ನಿಮಿಷ. ಬರೆದು ತಂದ ಹಾಳೆ ಅಷ್ಟರಲ್ಲಿ ಓದಿ ಮುಗಿಯುವಂತಿರಲಿಲ್ಲ. ಹಾಳೆ ಮಡಚಿಟ್ಟು ಅಧ್ಯಕ್ಷನ ಕಡೆ ತಿರುಗಿದರು.

"ಬುಧವಾರ ಹನ್ನೊಂದು ಗಂಟೆಗೆ ನೀವು ನಮ್ಮ ಪರವಾಗಿ ಮಾತಾಡ್ತೀರಲ್ಲ, ಆಗ ನಾವೆಲ್ಲಿರ್ತೀವಿ ಅಂತ ಗೊತ್ತಾ ನಿಮಗೆ? ನಾನು ರೋಲರ್ ಮುಂದೆ ಇರ್ತೀನಿ." ಆಮೇಲೆ ಸಭೆಯ ಕಡೆ ತಿರುಗಿ, "ನೀವು?" ಎಂದರು.

"ಬ್ಯಾಂಕಿನ ಬಾಗಿಲಲ್ಲಿ," ಎಂದಿತು ಹಿಂದಿನಿಂದ ಒಂದು ದನಿ. "ವಾರ್ಡಿನಲ್ಲಿ," ಎಂದರು ನರ್ಸು. "ಲಾರಿ ಕೆಳಗೆ." "ಹೊಲಿಗೆ ಮಿಷನ್ ಮುಂದೆ." "ಮಗೂನ ಶಾಲೆಯಿಂದ ಕರಕೊಂಡು ಬರ್ತಿರ್ತೀನಿ." ಗೋಡೆಗೆ ಒರಗಿ ನಿಂತವರೂ ಹೇಳತೊಡಗಿದರು. ನಾಲ್ಕು ನಿಮಿಷ ಮುಗಿದ ಗಂಟೆಯನ್ನು ಕಾರ್ಯದರ್ಶಿ ಬಾರಿಸಲಿಲ್ಲ. ನಿಯಮ ಮೀರಿದ್ದು ಅದೊಂದು ಸಲ ಎಂದು ಆಕೆಯೇ ನನಗೆ ಹೇಳಿದಳು.

ಅಧ್ಯಕ್ಷನನ್ನೂ ನಾನು ಭೇಟಿಯಾದೆ. "ನಾವು ಕೆಟ್ಟವರಲ್ಲ ಸರ್," ಎಂದ. "ಹನ್ನೊಂದು ಗಂಟೆ ಅನ್ನೋದು ತೊಂದರೆಯ ಹೊತ್ತು ಅಂತ ನಮ್ಮಲ್ಲಿ ಯಾರಿಗೂ ಹೊಳೀಲೇ ಇಲ್ಲ." ಇದನ್ನು ಮೆಂಬರಕ್ಕನಿಗೆ ತಿಳಿಸಿದಾಗ ಅವರು ಹಾಸುಬಟ್ಟೆಯ ಎರಡು ಮೂಲೆ ಹಿಡಿದು ಜೋರಾಗಿ ಕೊಡವಿದರು. "ನಾನು ಅರ್ಜಿನೇ ಬರೆದಿದ್ದೆ. ಹೊಳೀಬೇಕಾಗಿರಲಿಲ್ಲ, ಓದಿದ್ರೆ ಸಾಕಿತ್ತು."

ಅಂದು ಎರಡು ನಿರ್ಣಯಗಳು ಅಂಗೀಕಾರವಾದವು. ಪರಿಷತ್ತಿನ ಸಭೆ ಇನ್ನು ಬುಧವಾರ ಸಂಜೆ ಐದಕ್ಕೆ. ಅದು ಪರಿಷತ್ತಿನ ಕೈಯಲ್ಲೇ ಇದ್ದದ್ದು, ಮುಂದಿನ ತಿಂಗಳ ಸಭೆಯಿಂದಲೇ ಜಾರಿಗೆ ಬಂತು. ಗ್ರಂಥಾಲಯವನ್ನು ಒಂಬತ್ತೂವರೆಯವರೆಗೆ ತೆರೆದಿಡಬೇಕೆಂಬುದು ಆಡಳಿತ ಕಚೇರಿಗೆ ಹೋಯಿತು. ಅಲ್ಲಿ ನಲವತ್ತು ದಿನ ಕೂತು, ಪರಿಶೀಲನೆಗೊಂಡು, ಆದೇಶವಾಗಿ ಹೊರಬಂತು: ರಾತ್ರಿ ಎಂಟರವರೆಗೆ.

ತರಗತಿ ಬಿಡುವುದು ಒಂಬತ್ತಕ್ಕೆ.

"ನೋಡಿ, ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ," ಎನ್ನುತ್ತಾರೆ ಮೆಂಬರಕ್ಕ. ಈಗ ಏಳೂ ಇಪ್ಪತ್ತರಿಂದ ಏಳೂ ನಲವತ್ತರವರೆಗಿನ ವಿರಾಮದಲ್ಲಿ ಸಂಜೆಯವರು ಗ್ರಂಥಾಲಯಕ್ಕೆ ಓಡುತ್ತಾರೆ, ಪುಸ್ತಕ ಎತ್ತಿಕೊಂಡು ಓಡಿ ವಾಪಸಾಗುತ್ತಾರೆ. ಮೊದಲ ತಿಂಗಳೇ ಆರುನೂರ ಹನ್ನೆರಡು ಪುಸ್ತಕ ಹೊರಗೆ ಹೋಗಿವೆ. ಆ ಅಂಕಿಯನ್ನು ಅವರು ನನಗೆ ಎರಡು ಸಲ ಹೇಳಿದರು, ಎರಡನೆಯ ಸಲ ಮರೆತವರಂತೆ ನಟಿಸಿ.

ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಮತ್ತೆ ನಿಲ್ಲುತ್ತೀರಾ ಎಂದೆ. ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. ಕೊನೆಯ ವರ್ಷದ ಪರೀಕ್ಷೆಯಿದೆ, ಅದನ್ನಾದರೂ ನೆಟ್ಟಗೆ ಬರೆಯಬೇಕು. ಸಂಜೆಯವರ ಸ್ಥಾನಕ್ಕೆ ಈ ಸಲ ಇಬ್ಬರು ಅರ್ಜಿ ಹಾಕಿದ್ದಾರಂತೆ. ಅಲ್ಲಿ ಮತದಾನ ನಡೆಯುವುದು ಇದೇ ಮೊದಲು. ಒಬ್ಬಾಕೆ ದರ್ಜಿ, ಇನ್ನೊಬ್ಬ ಮೆಕ್ಯಾನಿಕ್.

"ಆ ಮೆಕ್ಯಾನಿಕ್ ಹುಡುಗ ಕ್ಲಾಸ್ ಕ್ಲಾಸಿಗೆ ಹೋಗಿ ನನ್ನನ್ನೇ ಬೈತಿದಾನೆ ಗೊತ್ತಾ? ‘ಒಂಬತ್ತೂವರೆ ಕೇಳೋಕೆ ಹೋದವಳು ಎಂಟಕ್ಕೆ ಒಪ್ಪಿಕೊಂಡು ಬಂದಳು, ನನಗೆ ಓಟು ಹಾಕಿ, ನಾನಾಗಿದ್ರೆ ಬಿಡ್ತಿರಲಿಲ್ಲ’ ಅಂತ. ಅದೂ ನನ್ನ ಮುಂದೇನೇ."

ಕೋಪ ಬರಲಿಲ್ಲವೇ ಎಂದು ಕೇಳುತ್ತೇನೆ.

"ಬಂತು. ಮನೆಗೆ ಹೋಗೋವರೆಗೂ ಇತ್ತು." ಮಡಚಿದ ಹಾಸುಬಟ್ಟೆಯನ್ನು ಗಾಡಿಯಲ್ಲಿಟ್ಟು, ಮೇಲಿನದರ ಸುಕ್ಕನ್ನು ಅಂಗೈಯಿಂದ ಸವರುತ್ತಾರೆ. "ಆದ್ರೆ ಅವನು ಹೇಳೋದು ಸರಿ ಅಲ್ವಾ? ನನ್ನ ಓಟು ಅವನಿಗೇ."