ಗೋಡೆಯ ಮೇಲಿನ ಕೂರಿಗೆ

ನಾನು ಹೊಳಲ್ಕೆರೆ ಕಡೆ ಗ್ರಾಮಸೇವಕನಾಗಿದ್ದೆ. ಅಲ್ಲೊಬ್ಬ ಆಚಾರಿ ಬಿತ್ತನೆಯ ಕೂರಿಗೆಯ ಅಳತೆಗಳನ್ನೆಲ್ಲ ತನ್ನ ಮನೆಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟಿದ್ದ. ಯಾವೂರಿನ ಬಡಗಿ ಬೇಕಾದರೂ ಬಂದು ಬರೆದುಕೊಂಡು ಹೋಗಬಹುದಿತ್ತು. ಬೀಜದ ಜೊತೆಗೇ ಗೊಬ್ಬರವೂ ಬೀಳುವ ಹಾಗೆ ಅದಕ್ಕೊಂದು ಕೊಳವೆ ಸೇರಿಸಿಕೊಡಿ ಎಂದು ನನ್ನ ಸಂಬಳದ ದುಡ್ಡು ಮುಂದಿಟ್ಟೆ.

ಆತ ಮುಟ್ಟಲಿಲ್ಲ. "ದುಡ್ಡು ಇಸ್ಕಂಡ್ರೆ ಅದು ನಿಮ್ಮದಾಗ್ತೈತೆ ಸ್ವಾಮಿ. ಆಮೇಲೆ ಗೋಡೆ ಮೇಲೆ ಹೆಂಗೆ ಬರೀಲಿ?"

ನನಗೆ ರೇಗಿತು. "ಗೋಡೆ ಮೇಲೆ ಬರೀರಿ ಅಂತಾನೇ ಕೊಡ್ತಿರೋದು ಆಚಾರ್ರೇ. ನಿಮ್ಮ ನಾಲ್ಕು ದಿನದ ಕೆಲಸ ಕೆಡ್ತೈತಲ್ಲ, ಅದಕ್ಕಿದು."

ಆತ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಂಗಂದ್ರೆ ಸರಿ, ಕುಂತ್ಕಳ್ರಿ" ಎಂದು ಉಳಿ ಕೈಗೆತ್ತಿಕೊಂಡ.

ಮುಂದಿನ ಮುಂಗಾರಿನಲ್ಲಿ, ಹೊಸದುರ್ಗದ ಹಳ್ಳಿಯೊಂದರ ಹೊಲದಲ್ಲಿ ಅದೇ ಕೊಳವೆಯ ಕೂರಿಗೆ ಓಡುತ್ತಿತ್ತು. ಎದೆಯುಬ್ಬಿಸಿಕೊಂಡು ಹತ್ತಿರ ಹೋದೆ. ಸಾಲು ತಿರುಗುವಾಗ ಗೊಬ್ಬರ ಸೋರದಂತೆ ಅದಕ್ಕೊಂದು ಬಿರಡೆಯೂ ಸೇರಿತ್ತು. ನನಗೆ ಅದು ಹೊಳೆದೇ ಇರಲಿಲ್ಲ. ಅದನ್ನು ಮಾಡಿದ ಆ ಊರಿನ ಬಡಗಿ ಬದುವಿನ ಮೇಲೆ ಕೂತಿದ್ದ.

"ಬೇಕಾದ್ರೆ ಅಳತೆ ಬರ್ಕಳ್ರಿ ಸ್ವಾಮಿ, ದುಡ್ಡೇನೂ ಬ್ಯಾಡ" ಎಂದ.

ನಾನೇ ದುಡ್ಡು ಕೊಟ್ಟು ಮಾಡಿಸಿದ ಕೊಳವೆಯ ಅಳತೆಯನ್ನು, ಬಿರಡೆಯ ಸಮೇತ, ವಿಧೇಯನಾಗಿ ಬರೆದುಕೊಂಡೆ.